ಯಂತ್ರ ಕೊಟ್ಟ ಅಂಕಿಯನ್ನು ಎಷ್ಟು ನಂಬಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಲಿನ ಸೊಸೈಟಿಯಿಂದ ಹಿಡಿದು ಸಾಫ್ಟ್‌ವೇರ್ ಕಂಪನಿಯವರೆಗೆ, ಈ ಸಲ ಬಂದ ಪತ್ರಗಳೆಲ್ಲ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿವೆ: ಪರೀಕ್ಷೆ ಮಾಡುವ ಯಂತ್ರವನ್ನು ಪರೀಕ್ಷಿಸುವುದು ಹೇಗೆ? ಶಿವಮೊಗ್ಗದ ರಕ್ತಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ದುಡಿದು, ನಿವೃತ್ತಿಯ ನಂತರ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವೈದ್ಯಕೀಯ ಉಪಕರಣಗಳ ಪಾಠ ಹೇಳುತ್ತಿರುವ ನನಗೆ ಇದಕ್ಕಿಂತ ಪ್ರೀತಿಯ ಪ್ರಶ್ನೆ ಇನ್ನೊಂದಿಲ್ಲ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ಮೇಡಂ, ನಮ್ಮೂರಿನ ಹಾಲಿನ ಸೊಸೈಟಿಗೆ ಹೊಸ ಮಷಿನ್ ಬಂದಿದೆ. ಒಂದೇ ಕ್ಯಾನಿನ ಹಾಲು ಒಮ್ಮೆ 3.6 ಫ್ಯಾಟ್ ತೋರಿಸಿತು, ಇನ್ನೊಮ್ಮೆ 3.9. ಕೇಳಿದರೆ, ‘ಕಂಪನಿಯವರೇ ಪರೀಕ್ಷಿಸಿ ಕೊಟ್ಟಿದ್ದಾರೆ, ತಪ್ಪಾಗುವುದಿಲ್ಲ’ ಎನ್ನುತ್ತಾರೆ. ನಮ್ಮ ಬಟವಾಡೆ ಆ ಅಂಕಿಯ ಮೇಲೇ ನಿಂತಿದೆ. ಏನು ಮಾಡಬೇಕು?
— ಹಾಲು ಉತ್ಪಾದಕರೊಬ್ಬರು, ರಿಪ್ಪನ್‌ಪೇಟೆ

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಜಗಳಕ್ಕೆ ಹೋಗದೆ, ಅದನ್ನು ಅಳತೆಯಿಂದಲೇ ಬಗೆಹರಿಸಿಕೊಳ್ಳಿ.

ಸೊಸೈಟಿಗಳಲ್ಲಿ ಈಗ ಹೆಚ್ಚಾಗಿ ಇರುವುದು ಅಲ್ಟ್ರಾಸೌಂಡ್ ಯಂತ್ರ. ಅದು ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಹಾಲನ್ನು ಒಳಗೆ ಎಳೆದುಕೊಂಡು, ನಿಗದಿತ ಉಷ್ಣತೆಗೆ ತಂದು, ಅದರಲ್ಲಿ ಶಬ್ದ ಎಷ್ಟು ವೇಗವಾಗಿ ಹಾಯುತ್ತದೆ ಎಂದು ನೋಡುತ್ತದೆ. ಆ ವೇಗದಿಂದ ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬನ್ನು ಬಿಟ್ಟು ಉಳಿದ ಘನಾಂಶ) ಇಷ್ಟು ಎಂದು ಲೆಕ್ಕ ಹಾಕುತ್ತದೆ. ಲೆಕ್ಕದ ಸೂತ್ರವನ್ನು ಯಾವುದೋ ಹಾಲಿನ ಮೇಲೆ ಕಟ್ಟಿರುತ್ತಾರೆ. ಆ ಹಾಲು ನಿಮ್ಮೂರಿನ ಹಾಲಿನಂಥದ್ದೇ ಎಂದು ಯಾರೂ ನೋಡಿಲ್ಲ. ಕಂಪನಿ ಪರೀಕ್ಷಿಸಿದ್ದು ನಿಜವಿರಬಹುದು, ಆದರೆ ಪರೀಕ್ಷೆ ನಡೆದದ್ದು ರಿಪ್ಪನ್‌ಪೇಟೆಯಲ್ಲಲ್ಲ.

ನೀವು ಕಂಡ 3.6 ಮತ್ತು 3.9ರ ವ್ಯತ್ಯಾಸ ಸೂತ್ರದ ದೋಷವಲ್ಲ. ಒಂದೇ ಹಾಲಿಗೆ ಎರಡು ಉತ್ತರ ಬಂದರೆ ಮೊದಲು ಹಾಲನ್ನೇ ನೋಡಬೇಕು. ಆಗಷ್ಟೇ ಕರೆದ ಹಾಲಿನಲ್ಲಿ ಗಾಳಿಯ ಗುಳ್ಳೆ ತುಂಬಿರುತ್ತದೆ, ಶಬ್ದದ ವೇಗ ಅಳೆಯುವ ಯಂತ್ರಕ್ಕೆ ಗುಳ್ಳೆ ಶತ್ರು. ಸ್ವಲ್ಪ ಹೊತ್ತು ಇಟ್ಟ ಹಾಲಿನಲ್ಲಿ ಕೆನೆ ಮೇಲೇರುತ್ತದೆ, ಮೇಲಿನಿಂದ ತೆಗೆದ ಮಾದರಿಗೂ ತಳದಿಂದ ತೆಗೆದದ್ದಕ್ಕೂ ಫ್ಯಾಟ್ ಬೇರೆ. ಹಾಲನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನಿಧಾನವಾಗಿ ನಾಲ್ಕಾರು ಸಲ ಸುರಿದು ಬೆರೆಸಿ, ನೊರೆ ಇಳಿಯಲು ಬಿಟ್ಟು, ಅದೇ ಮಾದರಿಯನ್ನು ಐದಾರು ಸಲ ಇಡಲು ಹೇಳಿ. ಆಮೇಲೂ ಅಂಕಿ ಓಲಾಡಿದರೆ ಕೊಳವೆಯ ಒಳಗೆ ಹಾಲಿನ ಕಲೆ ಕಟ್ಟಿದೆಯೇ ಎಂದು ತೊಳೆಸಿ ನೋಡಬೇಕು.

ಅಂಕಿ ಸ್ಥಿರವಾದ ಮೇಲೆ ಮುಂದಿನ ಪ್ರಶ್ನೆ: ಅದು ಸತ್ಯವೇ? ಇದಕ್ಕೆ ಹಳೆಯ ಗರ್ಬರ್ ವಿಧಾನವೇ ನ್ಯಾಯಾಧೀಶ. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಹಾಕಿ ಗಿರಗಿರನೆ ತಿರುಗಿಸುತ್ತಾರೆ. ಆಮ್ಲ ಕೊಬ್ಬನ್ನು ಬಿಟ್ಟು ಉಳಿದದ್ದನ್ನೆಲ್ಲ ಕರಗಿಸುತ್ತದೆ. ಬಿಸಿನೀರಿನಲ್ಲಿ ನಿಲ್ಲಿಸಿದ ಮೇಲೆ ಕಪ್ಪುಗಂದು ದ್ರವದ ಮೇಲೆ ತಿಳಿಹಳದಿಯ ಕೊಬ್ಬಿನ ಕಂಬ ನಿಲ್ಲುತ್ತದೆ, ಅದನ್ನು ಗೆರೆಯ ಮೇಲೆ ಕಣ್ಣಾರೆ ಓದಬಹುದು. ಆಮ್ಲ ಅಪಾಯಕಾರಿ, ಇದನ್ನು ತರಬೇತಿ ಇದ್ದವರೇ ಮಾಡಬೇಕು. ಆದರೆ ಉತ್ಪಾದಕರು ಎದುರು ನಿಂತು ನೋಡಬಹುದು, ನೋಡಲೇಬೇಕು.

ಹೋಲಿಕೆಗೆ ಒಂದೇ ಮನೆಯ ಹಾಲು ಸಾಲದು. ಜೆರ್ಸಿ, ಎಚ್‌ಎಫ್, ಮಲೆನಾಡು ಗಿಡ್ಡ, ಎಮ್ಮೆ, ಬೆಳಗಿನದು, ಸಂಜೆಯದು, ಹೀಗೆ ಕಡಿಮೆ ಫ್ಯಾಟಿನಿಂದ ಹೆಚ್ಚು ಫ್ಯಾಟಿನವರೆಗೆ ಮೂವತ್ತು ನಲವತ್ತು ಮಾದರಿ ಇರಲಿ. ಪ್ರತಿಯೊಂದನ್ನೂ ಎರಡೂ ವಿಧಾನದಲ್ಲಿ ಅಳೆಯಿರಿ. ಆಮೇಲೆ ಯಾರಾದರೂ ‘ಎರಡಕ್ಕೂ ಸಹಸಂಬಂಧ 0.99 ಇದೆ’ ಎಂದು ತೋರಿಸಿದರೆ ತೃಪ್ತರಾಗಬೇಡಿ. ಸಹಸಂಬಂಧ ಹೇಳುವುದು ಎರಡು ಅಂಕಿಗಳು ಒಟ್ಟಿಗೇ ಏರಿಳಿಯುತ್ತವೆಯೇ ಎಂಬುದನ್ನು ಮಾತ್ರ. ಯಂತ್ರ ಎಲ್ಲ ಹಾಲಿಗೂ 0.4 ಕಡಿಮೆ ತೋರಿಸಿದರೂ ಸಹಸಂಬಂಧ ಹಾಗೆಯೇ ಇರುತ್ತದೆ, ನಿಮ್ಮ ದುಡ್ಡು ಮಾತ್ರ ಹೋಗಿರುತ್ತದೆ! ಬ್ಲಾಂಡ್ ಮತ್ತು ಆಲ್ಟ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವೈದ್ಯರಿಗೆ ಇದನ್ನೇ ಬಿಡಿಸಿ ಹೇಳಿದರು: ಎರಡು ಅಳತೆಗಳ ವ್ಯತ್ಯಾಸವನ್ನು ಮಾದರಿ ಮಾದರಿಗೂ ಕಳೆದು ಬರೆಯಿರಿ, ಆ ವ್ಯತ್ಯಾಸಗಳ ಸರಾಸರಿ ಸೊನ್ನೆಯ ಹತ್ತಿರ ಇದೆಯೇ, ಅವು ಎಷ್ಟು ಚದುರಿವೆ ಎಂದು ನೋಡಿರಿ. ಇದಕ್ಕೆ ಕಂಪ್ಯೂಟರ್ ಬೇಡ, ಶಾಲೆಯ ನೋಟ್‌ಬುಕ್ ಸಾಕು. ಸರಾಸರಿ ಒಂದೇ ಕಡೆಗೆ ವಾಲಿದ್ದರೆ ಯಂತ್ರವನ್ನು ತಿದ್ದಿಸಬಹುದು. ಹಸುವಿನ ಹಾಲಿಗೆ ಸರಿಯಿದ್ದು ಎಮ್ಮೆಯ ಹಾಲಿಗೆ ಮಾತ್ರ ತಪ್ಪುತ್ತಿದ್ದರೆ, ಎಮ್ಮೆ ಹಾಲಿಗೆ ಬೇರೆಯೇ ಹೊಂದಾಣಿಕೆ ಆಗಿದೆಯೇ ಎಂದು ಕೇಳಿ.

ಪ್ರಶ್ನೆ: ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಮನೆಯ ಗ್ಲುಕೋಮೀಟರ್ 168 ತೋರಿಸಿತು, ಅದೇ ಬೆಳಿಗ್ಗೆ ಪೇಟೆಯ ಲ್ಯಾಬಿನಲ್ಲಿ 149 ಬಂತು. ಮೀಟರ್ ಬದಲಿಸಬೇಕೇ?
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ಬೇಡ. ಮನೆಬಳಕೆಯ ಮೀಟರುಗಳಿಗೆ ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. 2013ರ ಆವೃತ್ತಿಯ ಪ್ರಕಾರ ಸಕ್ಕರೆ 100 ಮತ್ತು ಅದಕ್ಕಿಂತ ಮೇಲಿದ್ದಾಗ ನೂರರಲ್ಲಿ 95 ಫಲಿತಾಂಶಗಳು ಪ್ರಯೋಗಾಲಯದ ಅಳತೆಯಿಂದ ಶೇ 15ರ ಒಳಗಿರಬೇಕು, 100ಕ್ಕಿಂತ ಕೆಳಗಿದ್ದಾಗ 15 ಮಿಲಿಗ್ರಾಂ ಒಳಗಿರಬೇಕು. 149ರ ಶೇ 15 ಎಂದರೆ ಸುಮಾರು 22. ಅಂದರೆ 127ರಿಂದ 171ರವರೆಗೆ ಎಲ್ಲಿ ಬಂದರೂ ಮೀಟರು ತನ್ನ ಮಾತು ಉಳಿಸಿಕೊಂಡಂತೆ.

ಇನ್ನೂ ಒಂದು ವಿಷಯ. ಎಷ್ಟೋ ಸಲ ತಪ್ಪುವುದು ಮೀಟರಲ್ಲ, ಲ್ಯಾಬಿಗೆ ಹೋದ ರಕ್ತ. ಕೊಳವೆಯಲ್ಲಿರುವ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ಅದಕ್ಕೇ ಸಕ್ಕರೆಯ ಪರೀಕ್ಷೆಗೆ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಕೊಳವೆ. ಆಗುಂಬೆಯ ಕಡೆಯಿಂದ ಬೆಳಿಗ್ಗೆ ತೆಗೆದ ರಕ್ತ ಬಸ್ಸಿನಲ್ಲಿ ಬಂದು ಮಧ್ಯಾಹ್ನ ಯಂತ್ರದೊಳಗೆ ಹೋದರೆ, ಕೊಳವೆ ಯಾವುದು ಎಂದು ಕೇಳುವುದು ನಿಮ್ಮ ಹಕ್ಕು.

ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು: ಜೂನ್ ಬಂದರೆ ನಮ್ಮಲ್ಲಿ ಉಪ್ಪೇ ನೀರಾಗುತ್ತದೆ, ಸ್ಟ್ರಿಪ್‌ಗಳ ಮೇಲಿನ ರಾಸಾಯನಿಕವೂ ತೇವಕ್ಕೆ ಹಾಳಾಗುತ್ತದೆ. ಒಂದು ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿಯ ಮುಚ್ಚಳ ಹಾಕಿ, ಬೇರೆ ಡಬ್ಬಿಗೆ ಸುರಿದಿಡಬೇಡಿ. ಹಲಸಿನ ಹಣ್ಣು ಬಿಡಿಸಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬೆರಳು ಚುಚ್ಚಿದರೆ ಮೀಟರ್ ಹಣ್ಣಿನ ಸಕ್ಕರೆಯನ್ನೂ ಅಳೆಯುತ್ತದೆ. ತಾಯಿಗೆ ರಕ್ತಹೀನತೆ ಇದ್ದರೆ ಹಲವು ಮೀಟರುಗಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ, ಇದನ್ನು ವೈದ್ಯರಿಗೆ ತಿಳಿಸಿ. ಲ್ಯಾಬಿನೊಂದಿಗೆ ಹೋಲಿಸುವುದಾದರೆ ಖಾಲಿ ಹೊಟ್ಟೆಯಲ್ಲಿ, ಎರಡೂ ರಕ್ತವನ್ನು ಒಂದೇ ಹೊತ್ತಿಗೆ ತೆಗೆದು ಹೋಲಿಸಿ. ಊಟವಾದ ಮೇಲೆ ಬೆರಳಿನ ರಕ್ತದಲ್ಲಿ ಸಕ್ಕರೆ ಅಭಿಧಮನಿಯ ರಕ್ತಕ್ಕಿಂತ ನಿಜವಾಗಿಯೂ ಹೆಚ್ಚಿರುತ್ತದೆ, ಅದು ಯಾರ ತಪ್ಪೂ ಅಲ್ಲ.

ಪ್ರಶ್ನೆ: ಜ್ವರ ಬಂದಾಗ ನನ್ನ ಪ್ಲೇಟ್‌ಲೆಟ್ 42 ಸಾವಿರ ಎಂದರು. ಮನೆಯವರೆಲ್ಲ ಗಾಬರಿಯಾದೆವು. ಸಂಜೆ ಇನ್ನೊಂದು ಲ್ಯಾಬಿನಲ್ಲಿ 1 ಲಕ್ಷ 60 ಸಾವಿರ! ಯಾರನ್ನು ನಂಬುವುದು?
— ಯುವ ಓದುಗ, ಸೊರಬ

ಉತ್ತರ: ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ಪಟ್ಟಿ ಇಟ್ಟು ನೋಡಿದವರನ್ನು.

ರಕ್ತಕಣ ಎಣಿಸುವ ಬಹುತೇಕ ಯಂತ್ರಗಳ ಮೂಲತತ್ವಕ್ಕೆ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದರು. ಸಣ್ಣ ರಂಧ್ರದ ಮೂಲಕ ಕಣ ಹಾಯುವಾಗ ವಿದ್ಯುತ್ತಿನ ಹರಿವಿಗೆ ಅಡ್ಡಿಯಾಗುತ್ತದೆ, ಅಡ್ಡಿಯ ಗಾತ್ರದಿಂದ ಕಣದ ಗಾತ್ರ ತಿಳಿಯುತ್ತದೆ. ಯಂತ್ರಕ್ಕೆ ಕಾಣುವುದು ಗಾತ್ರ ಮಾತ್ರ. ಕೆಲವರ ರಕ್ತದಲ್ಲಿ, ಕೊಳವೆಯಲ್ಲಿರುವ ಇಡಿಟಿಎ ಎಂಬ ಹೆಪ್ಪುಗಟ್ಟುವಿಕೆ ತಡೆಯುವ ರಾಸಾಯನಿಕದಿಂದಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹತ್ತು ಕಣಗಳ ಗುಂಪು ಯಂತ್ರಕ್ಕೆ ಪ್ಲೇಟ್‌ಲೆಟ್ ಎಂದೇ ತೋರುವುದಿಲ್ಲ. ಎಣಿಕೆ ಕುಸಿಯುತ್ತದೆ, ರೋಗಿಯ ಮೈಯಲ್ಲಿ ಮಾತ್ರ ಎಲ್ಲ ಸರಿಯಾಗಿರುತ್ತದೆ. ಗಾಜಿನ ಪಟ್ಟಿಯ ಮೇಲೆ ಆ ಗುಂಪುಗಳು ನೇರಳೆ ಬಣ್ಣದ ಚಿಕ್ಕ ಗೊಂಚಲುಗಳಾಗಿ ಕಾಣುತ್ತವೆ. ಆಗ ಸಿಟ್ರೇಟ್ ಕೊಳವೆಯಲ್ಲಿ ಮತ್ತೆ ರಕ್ತ ತೆಗೆದು ಎಣಿಸುತ್ತಾರೆ. ಇದರ ಉಲ್ಟಾ ತಪ್ಪೂ ಉಂಟು: ಕಬ್ಬಿಣದ ಕೊರತೆಯಿಂದ ತೀರಾ ಚಿಕ್ಕದಾದ ಕೆಂಪು ಕಣಗಳನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಆದರೆ ಸೊರಬದ ಓದುಗರಿಗೆ ಒಂದು ಮಾತು ಒತ್ತಿ ಹೇಳಬೇಕು. 1957ರಲ್ಲಿ ಮಂಗನ ಕಾಯಿಲೆ ಗುರುತಾದದ್ದು ನಿಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರಲ್ಲೂ, ಡೆಂಗಿಯಲ್ಲೂ ಪ್ಲೇಟ್‌ಲೆಟ್ ನಿಜವಾಗಿಯೇ ಇಳಿಯುತ್ತದೆ. ‘ಯಂತ್ರದ ತಪ್ಪಿರಬಹುದು’ ಎಂದು ಮನೆಯಲ್ಲಿ ಕುಳಿತುಕೊಳ್ಳಬೇಡಿ. ಕಾಡಿಗೆ ಹೋಗಿದ್ದರೆ, ದರಗು ತಂದಿದ್ದರೆ, ಉಣುಗು ಕಚ್ಚಿದ್ದರೆ ವೈದ್ಯರಿಗೆ ಹೇಳಿ. ಜ್ವರ ಎಷ್ಟನೇ ದಿನದ್ದು ಎಂಬುದನ್ನೂ ಹೇಳಿ: ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಕೆಲಸಕ್ಕೆ ಬರುತ್ತದೆ, ನಂತರದ ದಿನಗಳಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ.

ಪ್ರಶ್ನೆ: ನಾವು ನಾಲ್ವರು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಅಡಿಕೆಯ ಎಲೆಚುಕ್ಕಿ ರೋಗವನ್ನು ಫೋಟೋದಿಂದ ಗುರುತಿಸುವ ಮೊಬೈಲ್ ಆ್ಯಪ್ ಮಾಡಿದ್ದೇವೆ. ನಿಖರತೆ ಶೇ 98 ಬಂದಿದೆ. ಇದನ್ನು ರೈತರಿಗೆ ಕೊಡಬಹುದೇ?
— ವಿದ್ಯಾರ್ಥಿಗಳು, ಶಿವಮೊಗ್ಗ

ಉತ್ತರ: ವಿಷಯದ ಆಯ್ಕೆಗೆ ಮೊದಲು ಅಭಿನಂದನೆ. ಹೊಸನಗರ, ತೀರ್ಥಹಳ್ಳಿ, ಶೃಂಗೇರಿಯ ತೋಟಗಳು ಈ ರೋಗದಿಂದ ನರಳುತ್ತಿರುವಾಗ ನೀವು ಇದನ್ನು ಕೈಗೆತ್ತಿಕೊಂಡಿದ್ದು ದೊಡ್ಡದು. ಆ ಕಾರಣಕ್ಕೇ ಕಟುವಾಗಿ ಕೇಳುತ್ತೇನೆ: ಶೇ 98 ಯಾವುದರ ಮೇಲೆ?

ನೂರು ಸೋಗೆಯಲ್ಲಿ ಎರಡಕ್ಕೆ ಮಾತ್ರ ರೋಗವಿದ್ದರೆ, ಎಲ್ಲದಕ್ಕೂ ‘ಆರೋಗ್ಯ’ ಎಂದು ಕಣ್ಣುಮುಚ್ಚಿ ಹೇಳುವ ಆ್ಯಪ್‌ಗೂ ಶೇ 98 ನಿಖರತೆ ಸಿಗುತ್ತದೆ. ಆದ್ದರಿಂದ ಒಂದು ಅಂಕಿಯನ್ನು ಎರಡಾಗಿ ಒಡೆಯಿರಿ. ರೋಗವಿದ್ದವುಗಳಲ್ಲಿ ಎಷ್ಟನ್ನು ಹಿಡಿಯಿತು, ಅದು ಸಂವೇದನೆ. ರೋಗವಿಲ್ಲದವುಗಳಲ್ಲಿ ಎಷ್ಟನ್ನು ಸರಿಯಾಗಿ ಬಿಟ್ಟಿತು, ಅದು ನಿರ್ದಿಷ್ಟತೆ. ಜೇಕಬ್ ಯೆರುಶಲ್ಮಿ 1947ರಲ್ಲಿ ಎಕ್ಸ್‌-ರೇ ಓದುವಿಕೆಯ ಬಗ್ಗೆ ಬರೆಯುವಾಗ ಹೀಗೆ ಬೇರ್ಪಡಿಸಿದರು, ವೈದ್ಯಕೀಯದಲ್ಲಿ ಇಂದಿಗೂ ಎಲ್ಲ ಪರೀಕ್ಷೆಗಳನ್ನು ಹೀಗೇ ತೂಗುತ್ತಾರೆ.

ಇವೆರಡೂ ಶೇ 95 ಇದ್ದರೂ ಏನಾಗುತ್ತದೆ ನೋಡಿ. ರೋಗ ಈಗಷ್ಟೇ ಕಾಲಿಟ್ಟ ತೋಟಗಳಲ್ಲಿ 10,000 ಮರ, ರೋಗ 100ಕ್ಕೆ ಮಾತ್ರ. ಆ್ಯಪ್ 95ನ್ನು ಹಿಡಿಯುತ್ತದೆ. ಉಳಿದ 9,900 ಆರೋಗ್ಯವಂತ ಮರಗಳಲ್ಲಿ ಶೇ 5, ಅಂದರೆ 495ಕ್ಕೆ ಸುಮ್ಮನೆ ರೋಗ ಎನ್ನುತ್ತದೆ. ಒಟ್ಟು 590 ಕೆಂಪು ಗುರುತಿನಲ್ಲಿ ನಿಜವಾದದ್ದು 95, ನೂರಕ್ಕೆ ಹದಿನಾರು. ಔಷಧಿ ಹೊಡೆಯಲು ಮರ ಹತ್ತುವವರು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ರೈತ ಉಳಿದ 495 ಮರಕ್ಕೂ ಕೂಲಿ ಕೊಡಬೇಕು. ರೋಗ ಹಬ್ಬಿದ ತೋಟದಲ್ಲಿ ಇದೇ ಆ್ಯಪ್ ಬಹಳ ಚೆನ್ನಾಗಿ ಕಾಣುತ್ತದೆ. ಆ್ಯಪ್ ಬದಲಾಗಿಲ್ಲ, ತೋಟ ಬದಲಾಗಿದೆ.

ಈಗ ಫೋಟೋಗಳ ವಿಷಯ. ಒಂದು ಸೋಗೆಯ ಹತ್ತು ಫೋಟೋ ತೆಗೆದು, ಏಳನ್ನು ಕಲಿಸಲು, ಮೂರನ್ನು ಪರೀಕ್ಷಿಸಲು ಬಳಸಿದ್ದರೆ ನಿಮ್ಮ ಶೇ 98ಕ್ಕೆ ಬೆಲೆಯಿಲ್ಲ. ಅದು ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಬರೆಸಿದಂತೆ. ಫೋಟೋಗಳನ್ನಲ್ಲ, ತೋಟಗಳನ್ನೇ ವಿಂಗಡಿಸಿ: ಈ ತೋಟಗಳು ಕಲಿಕೆಗೆ, ಆ ತೋಟಗಳು ಪರೀಕ್ಷೆಗೆ, ಒಂದರದ್ದು ಇನ್ನೊಂದಕ್ಕೆ ಬೆರೆಯಬಾರದು. ರೋಗದ ಸೋಗೆಯನ್ನೆಲ್ಲ ಕತ್ತರಿಸಿ ತಂದು ಬಿಳಿ ಹಾಳೆಯ ಮೇಲೆ, ಆರೋಗ್ಯದ ಸೋಗೆಯನ್ನು ಮರದಲ್ಲೇ ತೆಗೆದಿದ್ದೀರಾ? ಹಾಗಿದ್ದರೆ ಆ್ಯಪ್ ಕಲಿತದ್ದು ಹಾಳೆಯನ್ನು, ರೋಗವನ್ನಲ್ಲ. ಇದು ದೊಡ್ಡವರಿಗೂ ಆಗಿದೆ. ಎದೆಯ ಎಕ್ಸ್‌-ರೇಯಲ್ಲಿ ನ್ಯುಮೋನಿಯಾ ಗುರುತಿಸುವ ಮಾದರಿಗಳ ಬಗ್ಗೆ ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವು ಚಿತ್ರ ಯಾವ ಆಸ್ಪತ್ರೆಯದ್ದು ಎಂಬುದನ್ನೇ ಗುರುತಿಸಬಲ್ಲವು, ಹೊರಗಿನ ಆಸ್ಪತ್ರೆಯ ಚಿತ್ರ ಕೊಟ್ಟಾಗ ಅವುಗಳ ಸಾಮರ್ಥ್ಯ ಇಳಿಯಬಹುದು ಎಂದು ತೋರಿಸಿತು.

‘ರೋಗ ಇದೆ’ ಎಂದು ಹೇಳಿದವರು ಯಾರು ಎಂಬುದೂ ಮುಖ್ಯ. ನೀವೇ ಫೋಟೋ ನೋಡಿ ನಿರ್ಧರಿಸಿದ್ದರೆ ಆ್ಯಪ್ ನಿಮ್ಮ ಊಹೆಯನ್ನು ಕಲಿತಿದೆ. ಬಿಸಿಲಿಗೆ ಸುಟ್ಟ ಗರಿ, ಪೊಟ್ಯಾಷ್ ಕೊರತೆ, ಹಳದಿ ಎಲೆ ರೋಗ, ಇವೆಲ್ಲ ಚುಕ್ಕಿಯ ಜೊತೆ ಗೊಂದಲ ಮಾಡುತ್ತವೆ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ನಿಮ್ಮ ಬಾಗಿಲಲ್ಲೇ ಇದೆ. ಇಬ್ಬರು ರೋಗಶಾಸ್ತ್ರಜ್ಞರಿಂದ, ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ ಗುರುತು ಹಾಕಿಸಿ. ಅವರಲ್ಲೇ ಒಮ್ಮತ ಬಾರದ ಎಲೆಗಳನ್ನು ತೆಗೆದುಹಾಕಬೇಡಿ, ರೈತನ ಕೈಯಲ್ಲಿರುವುದು ಅಂಥ ಎಲೆಗಳೇ. ಅನುಮಾನದ ಎಲೆಯನ್ನು ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸಿ ನೋಡಿದರೆ ಉತ್ತರ ಗಟ್ಟಿಯಾಗುತ್ತದೆ.

ಎಷ್ಟು ಮಾದರಿ ಬೇಕು ಎಂದು ಮುಂದೆ ಕೇಳುತ್ತೀರಿ. ಒಂದು ಸುಲಭ ಲೆಕ್ಕ: 60 ರೋಗದ ಮರಗಳಲ್ಲಿ ಒಂದನ್ನೂ ಬಿಡದೆ ಹಿಡಿದರೂ, ನಿಜವಾದ ತಪ್ಪಿನ ಪ್ರಮಾಣ ಶೇ 5ರವರೆಗೆ ಇರಬಹುದು. ಮೂರನ್ನು ಮಾದರಿಯ ಸಂಖ್ಯೆಯಿಂದ ಭಾಗಿಸಿದರೆ ಆ ಮೇಲ್ಮಿತಿ ಸಿಗುತ್ತದೆ. 300 ಮರ ನೋಡಿದರೆ ಶೇ 1ಕ್ಕೆ ಇಳಿಯುತ್ತದೆ. ಜಡಿಮಳೆಯಲ್ಲಿ ಒದ್ದೆಯಾದ ಎಲೆ, ಸಂಜೆಯ ಮಬ್ಬು, ಕಡಿಮೆ ಬೆಲೆಯ ಫೋನು, ಇವೆಲ್ಲ ಆ 300ರಲ್ಲಿ ಇರಲಿ. ಅಷ್ಟು ಮಾಡುವವರೆಗೆ ಇದನ್ನು ರೈತರಿಗೆ ಕೊಡಬೇಡಿ. ಮಾಡಿದ ಮೇಲೆ ನನಗೆ ಬರೆಯಿರಿ, ಫಲಿತಾಂಶ ಶೇ 80ಕ್ಕೆ ಇಳಿದಿದ್ದರೂ ಸಂತೋಷದಿಂದ ಓದುತ್ತೇನೆ.

ಪ್ರಶ್ನೆ: ಕೊಪ್ಪದ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ನಮ್ಮ ಪ್ರೋಗ್ರಾಮನ್ನು ಓಡಿಸದೆಯೇ ಓದಿ ದೋಷ ಹುಡುಕುವ ವಿಶ್ಲೇಷಕ ತಂತ್ರಾಂಶ ತಂದಿದ್ದಾರೆ. ಸಾವಿರಾರು ಎಚ್ಚರಿಕೆ ಕೊಡುತ್ತದೆ, ಹೆಚ್ಚಿನವು ಸುಳ್ಳು. ತೆಗೆದುಹಾಕೋಣ ಎನ್ನುತ್ತಿದ್ದಾರೆ.
— ಸಾಫ್ಟ್‌ವೇರ್ ಉದ್ಯೋಗಿ, ಕೊಪ್ಪ

ಉತ್ತರ: ಇಂಥ ವಿಶ್ಲೇಷಕಗಳ ಹಿರಿಯಣ್ಣ ಲಿಂಟ್, 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಬರೆದದ್ದು. ಸುಳ್ಳು ಎಚ್ಚರಿಕೆಯ ದೂರೂ ಅಷ್ಟೇ ಹಳೆಯದು. ಇದು ಬರೆದವರ ಅಸಡ್ಡೆಯಲ್ಲ. ಪ್ರೋಗ್ರಾಮಿನ ನಡವಳಿಕೆಯ ಬಗ್ಗೆ ಎಲ್ಲ ಪ್ರೋಗ್ರಾಮುಗಳಿಗೂ ಯಾವಾಗಲೂ ಸರಿಯಾದ ಉತ್ತರ ಕೊಡುವ ವಿಧಾನ ಇರಲು ಸಾಧ್ಯವಿಲ್ಲ ಎಂದು ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಹಾಕಿದ ದಾರಿಯಲ್ಲಿ ನಡೆದು ಇನ್ನೊಬ್ಬ ಗಣಿತಜ್ಞ ಹೆನ್ರಿ ರೈಸ್ 1953ರಲ್ಲಿ ಸಾಧಿಸಿದರು. ಆದ್ದರಿಂದ ಪ್ರತಿ ವಿಶ್ಲೇಷಕವೂ ಸುಳ್ಳು ಎಚ್ಚರಿಕೆ ಕೊಡಬೇಕು, ಇಲ್ಲವೇ ದೋಷ ಬಿಟ್ಟುಬಿಡಬೇಕು, ಇಲ್ಲವೇ ಸೀಮಿತ ಬಗೆಯ ಪ್ರೋಗ್ರಾಮಿಗೆ ಮೀಸಲಾಗಬೇಕು. ಫ್ರಾನ್ಸಿನ ಆಸ್ಟ್ರೇ ಎಂಬ ವಿಶ್ಲೇಷಕ ಮೂರನೆಯ ದಾರಿ ಹಿಡಿಯಿತು. 2003ರಲ್ಲಿ ಏರ್‌ಬಸ್ ಎ340 ವಿಮಾನದ ಹಾರಾಟ ನಿಯಂತ್ರಣದ 1,32,000 ಸಾಲುಗಳ ಪ್ರೋಗ್ರಾಮಿನಲ್ಲಿ ಓಡುವಾಗಿನ ದೋಷಗಳಿಲ್ಲ ಎಂದು ಅದು ಸಾಧಿಸಿ ತೋರಿಸಿತು. ಇನ್ನೊಂದು ಕಡೆ, 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷ, ಅಂತರ್ಜಾಲದ ಮಾಹಿತಿಯನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಎರಡು ವರ್ಷ ಅಡಗಿತ್ತು. ಹೆಸರಾಂತ ಕವರಿಟಿ ವಿಶ್ಲೇಷಕಕ್ಕೂ ಅದು ಕಂಡಿರಲಿಲ್ಲ, ಆಮೇಲೆ ಆ ವಿಶ್ಲೇಷಕವನ್ನೇ ತಿದ್ದಿದರು.

ತೆಗೆದುಹಾಕುವ ಮುಂಚೆ ಅಳೆಯಿರಿ. ನಿಮ್ಮ ಕಂಪನಿಯಲ್ಲಿ ಹಿಂದೆ ಗ್ರಾಹಕರ ಕೈಯಲ್ಲಿ ಸಿಕ್ಕು, ಆಮೇಲೆ ಸರಿಪಡಿಸಿದ ದೋಷಗಳ ದಾಖಲೆ ಇದ್ದೇ ಇರುತ್ತದೆ. ಸರಿಪಡಿಸುವ ಮುಂಚಿನ ಆವೃತ್ತಿಗಳನ್ನು ತೆಗೆದು ವಿಶ್ಲೇಷಕಕ್ಕೆ ಕೊಡಿ, ಎಷ್ಟನ್ನು ಹಿಡಿಯಿತು ಎಂದು ಎಣಿಸಿ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಒದಗಿಸುವ ಜೂಲಿಯೆಟ್ ಎಂಬ ಸಿದ್ಧ ಪರೀಕ್ಷಾ ಸಂಗ್ರಹವಿದೆ, ಆರಂಭಕ್ಕೆ ಒಳ್ಳೆಯದು. ಆದರೆ ಅದರ ಪುಟ್ಟ ಪ್ರೋಗ್ರಾಮುಗಳು ನಿಮ್ಮ ಪ್ರೋಗ್ರಾಮಿನಂತೆ ಇರುವುದಿಲ್ಲ. ಈಗಿನ ಎಚ್ಚರಿಕೆಗಳಿಂದ ಚೀಟಿ ಎತ್ತಿದಂತೆ ನೂರನ್ನು ಆರಿಸಿ, ಇಬ್ಬರು ಪ್ರತ್ಯೇಕವಾಗಿ ನಿಜ–ಸುಳ್ಳು ಎಂದು ಬರೆಯಲಿ. ಯಾವ ಬಗೆಯ ಎಚ್ಚರಿಕೆ ಸದಾ ಸುಳ್ಳೋ ಅದನ್ನಷ್ಟೇ ಬಂದ್ ಮಾಡಿ, ಹಳೆಯ ರಾಶಿಯನ್ನು ಬದಿಗಿಟ್ಟು ಹೊಸದಾಗಿ ಬರೆದ ಸಾಲುಗಳ ಎಚ್ಚರಿಕೆಯನ್ನು ಮಾತ್ರ ಕಡ್ಡಾಯವಾಗಿ ನೋಡಿ.

ಪ್ರಶ್ನೆ: ಶಾಲೆಯಲ್ಲಿ ಮಣ್ಣಿನ ಪಿಎಚ್ ಅಳೆಯುವ ಮೀಟರ್ ಇದೆ. 7ರ ದ್ರಾವಣದಲ್ಲಿ ಸರಿಮಾಡಿಕೊಂಡರೆ ಸಾಕೇ?
— ಶಿಕ್ಷಕಿ, ಶೃಂಗೇರಿ

ಉತ್ತರ: ಸಾಲದು. ನಮ್ಮ ಮಲೆನಾಡಿನ ಮಣ್ಣು ಹೆಚ್ಚಾಗಿ ಹುಳಿ, 5ರ ಆಸುಪಾಸು ಬರುವುದು ಸಾಮಾನ್ಯ. ಅಳೆಯಬೇಕಾದ ಅಂಕಿ ಎರಡು ಪ್ರಮಾಣಿತ ದ್ರಾವಣಗಳ ನಡುವೆ ಬರಬೇಕು, ಆದ್ದರಿಂದ 7 ಮತ್ತು 4 ಎರಡರಲ್ಲೂ ಸರಿಮಾಡಿ. ಮಣ್ಣು–ನೀರಿನ ಪ್ರಮಾಣ ಪ್ರತಿ ಸಲ ಒಂದೇ ಇರಲಿ, 1ಕ್ಕೆ 2.5 ರೂಢಿಯಲ್ಲಿದೆ. ಮೀಟರಿನ ಗಾಜಿನ ತುದಿ ಒಣಗಲು ಬಿಡಬೇಡಿ.

ಪ್ರಶ್ನೆ: ಚಿಕ್ಕ ಲ್ಯಾಬ್ ನಡೆಸುತ್ತೇನೆ. ಯಂತ್ರಕ್ಕೆ ವಾರ್ಷಿಕ ಕ್ಯಾಲಿಬ್ರೇಷನ್ ಪ್ರಮಾಣಪತ್ರವಿದೆ. ಪ್ರತಿದಿನ ಕಂಟ್ರೋಲ್ ಸೀರಂ ಓಡಿಸುವುದು ದುಬಾರಿ. ಬಿಡಬಹುದೇ?
— ಲ್ಯಾಬ್ ತಂತ್ರಜ್ಞ, ಭದ್ರಾವತಿ

ಉತ್ತರ: ದಯವಿಟ್ಟು ಬಿಡಬೇಡಿ. ಕಂಟ್ರೋಲ್ ಸೀರಂ ಎಂದರೆ ಎಷ್ಟು ಅಂಕಿ ಬರಬೇಕು ಎಂದು ಮೊದಲೇ ಗೊತ್ತಿರುವ ಮಾದರಿ, ಯಂತ್ರ ಇವತ್ತು ಸರಿಯಿದೆಯೇ ಎಂದು ಹೇಳುವುದು ಅದೇ. ಪ್ರಮಾಣಪತ್ರ ಹೇಳುವುದು ಎಂಜಿನಿಯರ್ ಬಂದ ದಿನ ಯಂತ್ರ ಹೇಗಿತ್ತು ಎಂಬುದನ್ನು. ನಿನ್ನೆ ರಾತ್ರಿ ಕರೆಂಟು ಹೋಗಿ ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಬೆಚ್ಚಗಾದದ್ದು ಅದಕ್ಕೆ ಗೊತ್ತಿಲ್ಲ.

ನಿಮ್ಮ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಹಿರಿಯರನ್ನು ಕೇಳಿ, ನಿಯಂತ್ರಣ ನಕ್ಷೆ ಅವರಿಗೆ ಹೊಸದಲ್ಲ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಷುವಾರ್ಟ್ 1924ರಲ್ಲಿ ಕಾರ್ಖಾನೆಗಾಗಿ ರೂಪಿಸಿದ್ದನ್ನು ಲೆವಿ ಮತ್ತು ಜೆನ್ನಿಂಗ್ಸ್ 1950ರಲ್ಲಿ ರಕ್ತಪರೀಕ್ಷೆಯ ಪ್ರಯೋಗಾಲಯಕ್ಕೆ ತಂದರು. ನಡುವೆ ಸರಾಸರಿಯ ಗೆರೆ, ಮೇಲೂ ಕೆಳಗೂ ಎರಡು ಮತ್ತು ಮೂರು ಪ್ರಮಾಣಿತ ವಿಚಲನೆಯ (ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರುತ್ತವೆ ಎಂಬ ಅಳತೆ) ಗೆರೆಗಳು, ಕಂಟ್ರೋಲ್ ಸೀರಮ್ಮಿನ ಅಂಕಿಗೆ ದಿನಕ್ಕೊಂದು ಚುಕ್ಕಿ. ಎರಡರ ಗೆರೆಯನ್ನು ಇಪ್ಪತ್ತರಲ್ಲಿ ಸುಮಾರು ಒಂದು ಚುಕ್ಕಿ ಸುಮ್ಮನೆ ದಾಟುತ್ತದೆ, ಗಾಬರಿ ಬೇಡ. ಮೂರರ ಗೆರೆ ದಾಟಿದರೆ ಅಂದಿನ ವರದಿ ಕೊಡಬೇಡಿ. ಇವೆರಡಕ್ಕಿಂತ ನಾನು ಹೆಚ್ಚು ಗಮನಿಸುತ್ತಿದ್ದದ್ದು ಸತತ ಹತ್ತು ಚುಕ್ಕಿ ಸರಾಸರಿಯ ಒಂದೇ ಬದಿಗೆ ನಿಲ್ಲುವುದನ್ನು. ಪ್ರತಿಯೊಂದು ಚುಕ್ಕಿಯೂ ಮಿತಿಯೊಳಗೇ ಇರುತ್ತದೆ, ಆದರೂ ಯಂತ್ರದೊಳಗಿನ ದೀಪ ಮಂಕಾಗುತ್ತಿದೆ ಅಥವಾ ರೀಏಜೆಂಟ್ ಕೆಡುತ್ತಿದೆ. ವೆಸ್ಟ್‌ಗಾರ್ಡ್ 1981ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಇದೂ ಒಂದು.

ಖರ್ಚು ಉಳಿಸಬೇಕಿದ್ದರೆ ಸೀರಮ್ಮನ್ನು ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿ, ತಯಾರಕರು ಹೇಳಿದ ಉಷ್ಣತೆಯಲ್ಲಿ, ಅವರು ಹೇಳಿದ ಅವಧಿಯೊಳಗೆ ಬಳಸಿ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಸೀರಮ್ಮಿನ ಹೊಸ ಲಾಟ್ (ಒಟ್ಟಿಗೆ ತಯಾರಾದ ಕಂತು) ಶುರುವಾಗುವ ಮುಂಚೆ ಹಳೆಯದರ ಜೊತೆಗೆ ಕೆಲವು ದಿನ ಎರಡನ್ನೂ ಓಡಿಸಿ, ಹೊಸ ಸರಾಸರಿಯನ್ನು ನೀವೇ ಕಟ್ಟಿಕೊಳ್ಳಿ, ಬಾಟಲಿ ಬದಲಾದ ದಿನವನ್ನು ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ.